ಲೈಸೀನಿನ ಅಳತೆ: ಒಂದು ಸಂಖ್ಯೆಯ ಇತಿಹಾಸ

ಶಾಸನದಲ್ಲಿ ಭೂಮಿಯ ವಿಸ್ತೀರ್ಣವನ್ನು ಓದಿದ ಇತಿಹಾಸಕಾರನು, ಅದನ್ನು ಯಾವ ಕೋಲಿನಿಂದ ಅಳೆದರೆಂದು ಮೊದಲು ಕೇಳುತ್ತಾನೆ. ವಿಜ್ಞಾನದ ಸಂಖ್ಯೆಗಳಿಗೂ ಈ ಪ್ರಶ್ನೆಯು ಸಲ್ಲತಕ್ಕದ್ದೇ ಆಗಿದೆ. ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ ಎಷ್ಟು ಲೈಸೀನ್ ಬೇಕೆಂಬ ಲೆಕ್ಕವು ಇದಕ್ಕೆ ಒಳ್ಳೆಯ ನಿದರ್ಶನ. ಲೈಸೀನ್ ಎಂಬುದು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲೊಂದು. ದೇಹವು ಇದನ್ನು ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಧಾನ್ಯಗಳಲ್ಲಿ ಇದು ವಿರಳ, ಬೇಳೆಗಳಲ್ಲಿಯೂ ಹಾಲಿನಲ್ಲಿಯೂ ಹೇರಳ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ವಿಲಿಯಂ ರೋಸ್ ಅವರು 1935ರಲ್ಲಿ ಥ್ರಿಯೊನೀನ್ ಎಂಬ ಅಮೈನೋ ಆಮ್ಲವನ್ನು ಬೆಳಕಿಗೆ ತಂದರು. 1942ರಿಂದ ತಮ್ಮ ಪ್ರಯೋಗಗಳನ್ನು ಇಲಿಗಳಿಂದ ಮನುಷ್ಯರಿಗೆ ವಿಸ್ತರಿಸಿದರು. ತರುಣ ವಿದ್ಯಾರ್ಥಿಗಳು ಪಿಷ್ಟ, ಸಕ್ಕರೆ, ಬೆಣ್ಣೆಯ ಕೊಬ್ಬುಗಳಿಂದ ಮಾಡಿದ ಬಿಲ್ಲೆಗಳನ್ನೂ ಶುದ್ಧ ಅಮೈನೋ ಆಮ್ಲಗಳ ಮಿಶ್ರಣವನ್ನೂ ಸೇವಿಸಿದರು. ಒಳಹೊಕ್ಕ ಸಾರಜನಕಕ್ಕೂ ಹೊರಹೋದ ಸಾರಜನಕಕ್ಕೂ ಸಮತೋಲವಿದ್ದರೆ ಆಹಾರವು ಸಾಕೆಂದು ಗ್ರಹಿಸಲಾಯಿತು. ಅಗತ್ಯವಾದ ಒಂದು ಆಮ್ಲವನ್ನು ತೆಗೆದೊಡನೆ ಸಮತೋಲವು ಕೆಡುತ್ತಿತ್ತು; ಹಸಿವು ಅಡಗಿ, ಆಯಾಸವೂ ಸಿಡುಕೂ ಹೆಚ್ಚುತ್ತಿದ್ದವು. ರೋಸ್ ಅವರ ಲೆಕ್ಕದಂತೆ ಲೈಸೀನಿನ ಕನಿಷ್ಠ ಪ್ರಮಾಣವು ದಿನಕ್ಕೆ 0.8 ಗ್ರಾಂ, ಅದನ್ನು ಇಮ್ಮಡಿಸಿ 1.6 ಗ್ರಾಂ ಸುರಕ್ಷಿತವೆಂದು ಅವರು ಸೂಚಿಸಿದರು. ಆದರೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ತಜ್ಞಸಮಿತಿಗಳು 1973ರಲ್ಲಿಯೂ 1985ರಲ್ಲಿಯೂ ಪ್ರಕಟಿಸಿದ ವರದಿಗಳಲ್ಲಿ ದೇಹತೂಕದ ಕಿಲೋಗ್ರಾಂಗೆ 12 ಮಿಲಿಗ್ರಾಂ ಎಂಬ ಅಲ್ಪಸಂಖ್ಯೆಯೇ ನೆಲೆಗೊಂಡಿತು.

ಈ ಅಳತೆಗೋಲಿನಲ್ಲಿಯೇ ದೋಷವಿತ್ತು. ತಟ್ಟೆಯಲ್ಲಿ ಉಳಿದ ತುಣುಕು ತಿಂದ ಲೆಕ್ಕಕ್ಕೆ ಸೇರುತ್ತದೆ. ಬೆವರು, ಚರ್ಮ, ಕೂದಲುಗಳ ಮೂಲಕ ಹೋದದ್ದು ಲೆಕ್ಕದಿಂದ ತಪ್ಪಿಹೋಗುತ್ತದೆ. ಇವೆರಡು ತಪ್ಪುಗಳೂ ಒಂದೇ ದಿಕ್ಕಿನವು; ಇವುಗಳಿಂದ ಸಮತೋಲವು ಇರುವುದಕ್ಕಿಂತ ಉತ್ತಮವಾಗಿಯೂ ಅಗತ್ಯವು ಕಡಮೆಯಾಗಿಯೂ ತೋರುತ್ತದೆ. ಅಲ್ಲದೆ ರೋಸ್ ಅವರ ವಿದ್ಯಾರ್ಥಿಗಳಿಗೆ ದೊರೆತ ಶಕ್ತಿಪೂರೈಕೆಯು ಅಧಿಕವಾಗಿತ್ತು. ಅಂಥ ಆಹಾರದಲ್ಲಿ ಪ್ರೋಟೀನಿನ ವ್ಯಯವು ತಗ್ಗುವುದು ಸಹಜ.

ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವರ್ನನ್ ಯಂಗ್ ಅವರು ಬೇರೊಂದು ಕೋಲನ್ನು ಹಿಡಿದರು. ಇಂಗಾಲ-13ರಿಂದ ಗುರುತಿಸಿದ ಅಮೈನೋ ಆಮ್ಲವು ದೇಹದಲ್ಲಿ ದಹನವಾದರೆ ಆ ಗುರುತು ಉಸಿರಿನಲ್ಲಿ ಕಾಣುತ್ತದೆ. ಲೈಸೀನ್ ಸಾಲದಾದಾಗ ದೇಹವು ಪ್ರೋಟೀನನ್ನು ಕಟ್ಟಲಾರದೆ ಇತರ ಆಮ್ಲಗಳನ್ನು ಸುಟ್ಟುಬಿಡುತ್ತದೆ. ಸಾಕಾದಷ್ಟು ದೊರೆತೊಡನೆ ಆ ದಹನವು ಇಳಿದು ನಿಲ್ಲುತ್ತದೆ. ಆ ತಿರುವೇ ಅಗತ್ಯದ ಗುರುತು. ಹೀಗೆ ಹೊರಟ ಸಂಖ್ಯೆಯು ಕಿಲೋಗ್ರಾಂಗೆ ಸುಮಾರು 30 ಮಿಲಿಗ್ರಾಂ.

ಆಗ ಒಂದು ಆಕ್ಷೇಪಣೆಗೆ ಅವಕಾಶವಿತ್ತು: ತಲೆಮಾರುಗಳಿಂದ ಧಾನ್ಯವನ್ನೇ ನೆಚ್ಚಿದ ಜನರ ದೇಹವು ಅಲ್ಪ ಲೈಸೀನಿಗೆ ಒಗ್ಗಿಕೊಂಡಿರಬಾರದೇಕೆ? ಇದಕ್ಕೆ ಉತ್ತರವು ಬೆಂಗಳೂರಿನಿಂದ ಬಂದಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರ ಕುರ್ಪಾಡ್ ಅವರೂ ಸಂಗಡಿಗರೂ ಯಂಗ್ ಅವರೊಡಗೂಡಿ ಆರೋಗ್ಯವಂತ ಭಾರತೀಯರ ಉಸಿರನ್ನು ಇಪ್ಪತ್ತನಾಲ್ಕು ಗಂಟೆಗಳ ಕಾಲ ಪರೀಕ್ಷಿಸಿ, 2001 ಹಾಗೂ 2002ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಇಲ್ಲಿಯೂ ಅಗತ್ಯವು 30ರ ಆಸುಪಾಸಿನಲ್ಲಿಯೇ ಇತ್ತು. 2002ರ ತಜ್ಞರ ಸಭೆಯು 30 ಮಿಲಿಗ್ರಾಂ ಎಂಬುದನ್ನು ಅಂಗೀಕರಿಸಿತು. ಅದರ ವರದಿಯು 2007ರಲ್ಲಿ ಹೊರಬಂದಿತು.

ಈ ಬದಲಾವಣೆಯು ಕೇವಲ ಗಣಿತದ್ದಲ್ಲ. 55 ಕಿಲೋಗ್ರಾಂ ತೂಕದ ವಯಸ್ಕನಿಗೆ ಹಳೆಯ ಲೆಕ್ಕದಂತೆ 660 ಮಿಲಿಗ್ರಾಂ ಸಾಕು. ಹೊಸದರಂತೆ 1,650 ಬೇಕು. ಒಂದು ಗ್ರಾಂ ಪ್ರೋಟೀನಿನಲ್ಲಿ 16 ಮಿಲಿಗ್ರಾಂ ಲೈಸೀನ್ ಇರಬೇಕೆಂದು 1985ರ ವರದಿಯೂ, 45 ಇರಬೇಕೆಂದು 2007ರ ವರದಿಯೂ ವಿಧಿಸಿದವು. ಗೋಧಿಯ ಪ್ರೋಟೀನಿನಲ್ಲಿರುವುದು ಸುಮಾರು 27. ಹಳೆಯ ಮಾನದಂಡದಲ್ಲಿ ಬರಿಯ ರೊಟ್ಟಿಯ ಪ್ರೋಟೀನು ಉತ್ತೀರ್ಣವಾಗುತ್ತದೆ. ಹೊಸದರಲ್ಲಿ ಅದರ ಜೊತೆಗೆ ಬೇಳೆಯೋ ಹಾಲೋ ಬೇಕಾಗುತ್ತದೆ. ಬಡವನ ತಟ್ಟೆಯು ಬದಲಾಗಲಿಲ್ಲ, ಅದನ್ನು ಅಳೆದ ಕೋಲು ಬದಲಾಯಿತು. ಕಡಮೆ ಅಳತೆಯ ಕೋಲು ಕೊರತೆಯನ್ನು ನೀಗಿಸುವುದಿಲ್ಲ, ಕಾಣದಂತೆ ಮಾಡುತ್ತದೆ. ಆದುದರಿಂದ ಇಂಥ ಸಂಖ್ಯೆಗಳ ಚರಿತ್ರೆಯನ್ನು ಶೋಧಿಸುವುದು ಇತಿಹಾಸ ವಿಭಾಗದ ಕರ್ತವ್ಯಕ್ಕೆ ಹೊರತಾದುದಲ್ಲ.