ಶ್ರೀರಂಗಪಟ್ಟಣದ ದ್ವೀಪದಲ್ಲಿ ಒಂದು ಹಗಲು

‘ದ್ವಿ’ ಎಂದರೆ ಎರಡು, ‘ಅಪ್’ ಎಂದರೆ ನೀರು. ಎರಡೂ ಮಗ್ಗಲಿಗೆ ನೀರುಳ್ಳ ನೆಲವೇ ‘ದ್ವೀಪ’ವೆಂದು ವೈಯಾಕರಣರು ಈ ಶಬ್ದವನ್ನು ಬಿಡಿಸುವರು. ಹೀಗೆ ನೋಡಿದರೆ ಕಡಲ ನಡುವಣ ನೆಲಕ್ಕಿಂತಲೂ ಹೊಳೆಯ ಎರಡು ಕವಲುಗಳ ನಡುವಣ ನೆಲಕ್ಕೇ ಈ ಹೆಸರು ಹೆಚ್ಚು ಒಪ್ಪುವದು. ಕಾವೇರಿಯು ತನ್ನ ಹಾದಿಯಲ್ಲಿ ಮೂರು ಕಡೆ ಕವಲೊಡೆದು ಮೂರು ದ್ವೀಪಗಳನ್ನು ಬಳಸಿ ಹರಿದಿರುವಳು. ಮೂರರಲ್ಲಿಯೂ ಶ್ರೀರಂಗನಾಥನು ಪವಡಿಸಿರುವನು. ಶ್ರೀರಂಗಪಟ್ಟಣವು ಆದಿರಂಗ, ಶಿವನಸಮುದ್ರವು ಮಧ್ಯರಂಗ, ತಮಿಳುನಾಡಿನ ಶ್ರೀರಂಗವು ಅಂತ್ಯರಂಗ. ಇವುಗಳೊಳಗೆ ಮೊದಲನೆಯದು ಹೆಚ್ಚು ಕಡಿಮೆ ಐದು ಕಿಲೋಮೀಟರು ಉದ್ದದ ಸಣ್ಣ ನೆಲ. ಅಷ್ಟರಲ್ಲಿಯೇ ಒಂದು ದೇವಾಲಯ, ಒಂದು ರಾಜಧಾನಿ, ಒಂದು ರಣಭೂಮಿ, ಒಂದು ಸ್ಮಶಾನ ಎಲ್ಲವೂ ಅಡಕವಾಗಿರುವವು.

ಇಂಥ ದ್ವೀಪವನ್ನು ಒಂದೇ ಹಗಲಿನಲ್ಲಿ ನೋಡಿ ಬರುವ ರೂಢಿಯು ಈಗ ಎಲ್ಲ ಸೀಮೆಗಳಲ್ಲಿಯೂ ಬೆಳೆದಿದೆ. ರೋಣದ ಸೀಮೆಯ ಯಾವಗಲ್ಲಿನಂಥ ಎರೆನೆಲದ ಊರುಗಳಿಂದ ಹೊರಟವರು ಗದಗ, ಹುಬ್ಬಳ್ಳಿಗಳ ಮೇಲಿಂದ ರಾತ್ರಿಯ ರೈಲಿನಲ್ಲಿ ಮೈಸೂರನ್ನು ಸೇರುವರು. ಅಲ್ಲಿ ತಮ್ಮ ಮನೆಯವರ ಮಟ್ಟಿಗೆ ಒಂದು ಮೋಟಾರನ್ನು ಇಡೀ ದಿನಕ್ಕೆ ಬಾಡಿಗೆಗೆ ಗೊತ್ತು ಮಾಡಿಕೊಂಡು, ಸುಮಾರು ಹದಿನೈದು ಕಿಲೋಮೀಟರು ಸಾಗಿ ದ್ವೀಪವನ್ನು ಹೊಗುವರು. ಹತ್ತು ಜನರ ಗುಂಪಿನೊಡನೆ ಹೋಗುವದಕ್ಕೂ ಇದಕ್ಕೂ ಒಂದು ದೊಡ್ಡ ಅಂತರವುಂಟು. ಗುಂಪಿನವರು ಹೊತ್ತಿಗೆ ಅಧೀನರು. ಸ್ವಂತ ಮೋಟಾರಿನವರಿಗೆ ಹೊತ್ತು ಅಧೀನ. ಯಾವದನ್ನು ಮೊದಲು ನೋಡಬೇಕು, ಎಲ್ಲಿ ಹೆಚ್ಚು ನಿಲ್ಲಬೇಕು ಎಂಬುದು ಅವರ ಕೈಯಲ್ಲಿರುವದು. ಆದರೂ ಬಹುಮಂದಿ ಈ ಸ್ವಾತಂತ್ರ್ಯವನ್ನು ಮೋಟಾರು ನಡೆಯಿಸುವವನಿಗೆ ಒಪ್ಪಿಸಿಬಿಡುವರು. ಅವನು ದರಿಯಾ ದೌಲತ್, ಗುಂಬಜ, ಸೆರೆಮನೆ, ದೇವರ ದರ್ಶನ, ಸಂಗಮ ಎಂದು ಎಣಿಸಿ ತೋರಿಸಿ, ಸಂಜೆಯ ದೀಪಗಳಿಗೆ ಸರಿಯಾಗಿ ಬೃಂದಾವನದ ತೋಟಕ್ಕೆ ಮುಟ್ಟಿಸುವನು. ಹೀಗೆ ನೋಡಿದವರ ಕಣ್ಣಿಗೆ ಸಾವಿರ ವರ್ಷದ ದ್ವೀಪವು ನಾಲ್ವತ್ತು ವರ್ಷಗಳಿಗಿಂತ ಕಡಿಮೆಯದಾಗಿ ಕಾಣುವದು.

ಇದು ಆ ಬಡ ಸಾರಥಿಯ ತಪ್ಪಲ್ಲ. ಈ ಪರಿಕ್ರಮವು ಅವನಿಗಿಂತ ಬಹು ಹಳೆಯದು. 1799ಕ್ಕಿಂತ ಮೊದಲು ಇಲ್ಲಿಗೆ ಬರುತ್ತಿದ್ದವರು ಯಾತ್ರಿಕರು, ವರ್ತಕರು, ವಕೀಲರು, ಸೆರೆಯಾಳುಗಳು. ಬರಿಯ ನೋಟಕ್ಕಾಗಿ ಬರುವವರು ಕೋಟೆ ಬಿದ್ದ ಮೇಲೆ ಹುಟ್ಟಿಕೊಂಡರು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿ ಸರಕಾರದ ಅಪ್ಪಣೆಯಿಂದ ಬಂದು ಊರನ್ನೂ ಬೆಳೆಗಳನ್ನೂ ಬರೆದುಕೊಂಡು ಹೋದನು. ಅವನ ಹಿಂದೆ ಬಂದ ಆಂಗ್ಲರಿಗೆ ತಮ್ಮವರು ಗೋಡೆಯೊಡೆದ ಜಾಗ, ತಮ್ಮವರು ಸೆರೆಯಲ್ಲಿದ್ದ ಜಾಗ, ಸುಲ್ತಾನನು ಮಡಿದ ಜಾಗ, ಅವನ ಗೋರಿ ಇವೇ ಮುಖ್ಯವಾದವು. 1882ರಲ್ಲಿ ರೈಲು ಕೋಟೆಯನ್ನು ಸೀಳಿಕೊಂಡು ಹಾದ ಬಳಿಕ ಜಟಕಾದವರು ಅದೇ ಸುತ್ತನ್ನು ಕಲಿತರು. 1907ರಲ್ಲಿ ಕೋಟೆಯೊಡೆದ ಕಡೆ ನೆನಪಿನ ಕಂಬವೂ ನಿಂತಿತು. ಜಟಕಾದವರಿಂದ ಮೋಟಾರಿನವರು ಕಲಿತರು. ಗೆದ್ದವರು ತಮಗಾಗಿ ಹಾಕಿಕೊಂಡ ಹಾದಿಯಲ್ಲಿಯೇ ಇಂದಿಗೂ ಕನ್ನಡಿಗರು ತಮ್ಮ ದ್ವೀಪವನ್ನು ಸುತ್ತುತ್ತಿರುವರು. ಈ ಹಾದಿಯನ್ನು ತುಸು ಬದಲಿಸಿಕೊಂಡರೆ ಅದೇ ಹಗಲಿನಲ್ಲಿ, ಅದೇ ಬಾಡಿಗೆಯಲ್ಲಿ, ಕಾಣುವದು ಬೇರೆಯಾಗುವದು.

ಬದಲಾವಣೆ ಕಠಿಣವಾದದ್ದಲ್ಲ. ಪಡುವಣ ತುದಿಯಿಂದ ಹಿಡಿದು ಮೂಡಣಕ್ಕೆ, ಎಂದರೆ ಹೊಳೆ ಹರಿದಂತೆ, ಸಾಗಬೇಕು. ದೈವಯೋಗದಿಂದ ಈ ದ್ವೀಪದಲ್ಲಿ ಹೊಳೆಯ ದಿಕ್ಕೂ ಕಾಲದ ದಿಕ್ಕೂ ಬಹುಮಟ್ಟಿಗೆ ಒಂದೇ ಆಗಿವೆ.

ಮೊದಲು ನೋಡತಕ್ಕದ್ದು ಹೊಳೆಯನ್ನು. ಬೆಣ್ಣಿಹಳ್ಳವು ಬೇಸಿಗೆಯಲ್ಲಿ ಬತ್ತಿ, ಮಳೆಯಲ್ಲಿ ಹಾದಿ ಕಟ್ಟುವದನ್ನು ಕಂಡವರಿಗೆ ಈ ಕೋಟೆಯ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾವೇರಿ ತುಂಬಿದರೆ ಕೋಟೆಗೆ ಮುತ್ತಿಗೆಯಿಲ್ಲ. ಇಳಿದರೆ ಕೋಟೆಗೆ ಕಂದಕವಿಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲೀಸನು ಅರಕೆರೆಯ ಬಳಿ ಗೆದ್ದು ಕೋಟೆಯ ಕಣ್ಣೆದುರಿಗೆ ಬಂದಿದ್ದರೂ, ಮಳೆಗೂ ಹಸಿವಿಗೂ ಸೋತು, ತನ್ನ ಹಿರಿಯ ತೋಪುಗಳನ್ನು ತಾನೇ ಕೆಡಿಸಿ ಹಿಂದಿರುಗಿದನು. ಮರುವರ್ಷ ಅವನು ಫೆಬ್ರುವರಿಯಲ್ಲಿಯೇ ಬಂದನು. ಸುಲ್ತಾನನು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. 1799ರಲ್ಲಿ ಹ್ಯಾರಿಸನ ದಂಡು ಏಪ್ರಿಲಿನಲ್ಲಿ ಮುತ್ತಿ, ಮುಂಗಾರಿಗೆ ಮೊದಲೇ, ಮೇ 4ರ ಮಧ್ಯಾಹ್ನ, ಮೊಳಕಾಲುದ್ದದ ನೀರಿನಲ್ಲಿ ಬಂಡೆಗಳ ಮೇಲೆ ಹಾಯ್ದು ವಾಯವ್ಯದ ಒಡಕಿನಿಂದ ಒಳನುಗ್ಗಿತು. ಇನ್ನು ಕೆಲವು ವಾರ ಕಳೆದಿದ್ದರೆ ಕಾವೇರಿಯೇ ಕಾವಲು ಕಾಯುತ್ತಿದ್ದಳು. ದಂಡಿನ ಮುಂದಾಳಾದ ಬೇಯರ್ಡನು ಇದೇ ಊರಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದವನು. ಮೇ ತಿಂಗಳಲ್ಲಿ ಹೋದವರು ಆ ಬಂಡೆಗಳನ್ನು ಎಣಿಸಬಹುದು. ಆಗಸ್ಟಿನಲ್ಲಿ ಹೋದವರಿಗೆ ಬಂಡೆಗಳು ಕಾಣುವದೇ ಅರಿದು.

ಹೊಳೆಯಿಂದ ಶ್ರೀರಂಗನಾಥನ ಗುಡಿಗೆ ಬರಬೇಕು. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯನೆಂಬ ಮಾಂಡಲಿಕನು ಇದನ್ನು ಕಟ್ಟಿಸಿದನೆಂದು ಹೇಳಿಕೆ. ಮುಂದೆ ಹೊಯ್ಸಳರೂ ವಿಜಯನಗರದವರೂ ಇದನ್ನು ಬೆಳೆಯಿಸಿದರು. ನಾಗಮಂಗಲದ ತಿಮ್ಮಣ್ಣನು 1454ರಲ್ಲಿ ಕೋಟೆ ಹಾಕಿಸಿದನೆಂದು ಸ್ಥಳದ ಇತಿಹಾಸವು ಹೇಳುವದು. ವಿಜಯನಗರದ ಪ್ರತಿನಿಧಿಯು ಇಲ್ಲಿಂದಲೇ ತೆಂಕಣ ಸೀಮೆಯನ್ನಾಳುತ್ತಿದ್ದನು. ಅವನಿಂದ 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ಪಡೆದು ಅದೇ ವರ್ಷ ದಸರೆಯನ್ನು ನಡೆಸಿದರು. ಇಂದು ಮೈಸೂರ ದಸರೆಯೆಂದು ಜಗತ್ತೆಲ್ಲ ಕೊಂಡಾಡುವ ಉತ್ಸವವು ಹಂಪೆಯಿಂದ ಈ ದ್ವೀಪಕ್ಕೆ ಬಂದು, ಇಲ್ಲಿ ಎರಡು ಶತಮಾನ ಬಾಳಿ, ಆಮೇಲೆ ಮೈಸೂರಿಗೆ ಹೋದದ್ದು.

ಇದೇ ಕೋಟೆಯೊಳಗೆ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ನರಸಿಂಹನ ಗುಡಿಯುಂಟು; ಅದರೊಳಗೆ ಆ ಅರಸನ ಸುಂದರವಾದ ಮೂರ್ತಿಯೂ ಉಂಟು. ಸಾರಥಿಯು ಇಲ್ಲಿಗೆ ಕರೆತರುವದು ಅಪರೂಪ. ಇನ್ನೂ ಒಂದು ಸಂಗತಿಯನ್ನು ಯಾವ ಫಲಕವೂ ಹೇಳಲಾರದು. ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನವಿದ್ದದ್ದು ಈ ದ್ವೀಪದಲ್ಲಿ. ಕನ್ನಡದ ಮೊದಲ ನಾಟಕವೆನಿಸಿದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ವು ಆ ಆಸ್ಥಾನದ ಫಲ. ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹೊರುತ್ತಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ರಚಿಸಿದ್ದೂ ಆ ಆಶ್ರಯದಲ್ಲಿಯೇ. ಸುಲ್ತಾನನು ಬಿದ್ದ ಜಾಗಕ್ಕೆ ಕಲ್ಲು ಇದೆ. ಹೊನ್ನಮ್ಮನು ಬರೆದ ಮನೆಗೆ ಗುರುತೇ ಇಲ್ಲ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದ ಮನೆತನದವರು ಆ ಪ್ರಾಕಾರದಲ್ಲಿ ಕುಳಿತು ಇಷ್ಟನ್ನಾದರೂ ಅವರಿಗೆ ಹೇಳದೆ ಮುಂದಕ್ಕೆ ಹೋಗಬಾರದು.

ಅನಂತರ ಬರುವದು ಹೈದರ ಅಲಿ ಮತ್ತು ಟಿಪ್ಪೂ ಸುಲ್ತಾನರ ಕಾಲ. 1761ರಲ್ಲಿ ಅಧಿಕಾರವು ಹೈದರನ ಕೈಸೇರಿತು. 1787ರಲ್ಲಿ ಟಿಪ್ಪುವು ಎರಡು ಮಿನಾರುಗಳ ಮಸೀದಿಯನ್ನು ಕಟ್ಟಿಸಿದನು. ಅವನ ಲಾಲ್ ಮಹಲಿನ ತಳಪಾಯ ಮಾತ್ರ ಈಗ ಉಳಿದಿದೆ. ಅದರ ಮರದ ತೊಲೆಗಳು ನೀಲಗಿರಿಯನ್ನೇರಿ, 1830ರಲ್ಲಿ ಪ್ರತಿಷ್ಠಿತವಾದ ಉದಕಮಂಡಲದ ಸಂತ ಸ್ಟೀಫನ್ನರ ಇಗರ್ಜಿಯನ್ನು ಹೊತ್ತು ನಿಂತಿವೆ. ಆಂಗ್ಲ ಸಿಪಾಯಿಯನ್ನು ಕಚ್ಚುವ ಯಂತ್ರದ ಹುಲಿಯು ಲಂಡನ್ನಿನಲ್ಲಿದೆ, ಗ್ರಂಥಭಂಡಾರವು ಚದುರಿಹೋಯಿತು. ಆದುದರಿಂದ ಈ ತಳಪಾಯದ ಬಳಿ ಕಾಣುವದಕ್ಕಿಂತ ಕಾಣದಿರುವದೇ ಹೆಚ್ಚು. ಕೋಟೆಯ ಹೊರಗೆ, ಹೊಳೆಯ ದಂಡೆಯಲ್ಲಿ, 1784ರ ದರಿಯಾ ದೌಲತ್ ನಿಂತಿರುವದು. ಅದರ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರಿನ ಯುದ್ಧದ ಚಿತ್ರ. ಪಲ್ಲಕ್ಕಿಯೊಳಗೆ ಗಾಯಗೊಂಡ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ಸೋತವರ ಸೋಲನ್ನು ಬಣ್ಣದಲ್ಲಿ ಬರೆಸಿದ ಮನೆಯಲ್ಲಿಯೇ ಮುಂದೆ ಗೆದ್ದವರ ಅಧಿಕಾರಿ ಆರ್ಥರ್ ವೆಲ್ಲೆಸ್ಲಿಯು ಬಿಡಾರ ಮಾಡಿದನು. ಮಾಸಿದ ಆ ಚಿತ್ರವನ್ನು ಡಾಲ್‌ಹೌಸಿಯು ಮತ್ತೆ ಬರೆಯಿಸಿದನು. ಹೀಗಾಗಿ ಒಂದೇ ಗೋಡೆಗೆ ಇಬ್ಬರು ಒಡೆಯರ ಕೈ ತಗುಲಿದೆ.

ಮಲಪ್ರಭೆಯ ಸೀಮೆಯವರು ತಡೆದು ನಿಲ್ಲಬೇಕಾದದ್ದು ಇಲ್ಲಿಯೇ. ‘ಇದು ಮೈಸೂರವರ ಕಥೆ, ನಮ್ಮದಲ್ಲ’ ಎಂದು ಅವರೊಳಗೆ ಹಲವರು ಎಣಿಸುವರು. ಈ ಎಣಿಕೆ ಸರಿಯಲ್ಲ. ದರಿಯಾ ದೌಲತ್ತಿನ ಕೆಲಸ ಮುಗಿದ ಮರುವರ್ಷ, 1785ರಲ್ಲಿ, ಟಿಪ್ಪುವಿನ ದಂಡು ನರಗುಂದದ ಗುಡ್ಡವನ್ನು ಮುತ್ತಿತು. ನೀರೂ ಆಸರೆಯೂ ತೀರಿ, ಜೀವಕ್ಕೆ ಅಭಯವಿತ್ತರೆಂದು ನಂಬಿ ಕೋಟೆಯವರು ಇಳಿದು ಬಂದರು. ಮಾತು ಉಳಿಯಲಿಲ್ಲ. ಸಂಸ್ಥಾನಿಕನಾದ ವೆಂಕಟರಾವ ಭಾವೆಯೂ ಕಾರಭಾರಿ ಕಾಳೋಪಂತ ಪೇಠೆಯೂ ಮನೆಮಂದಿಯೊಡನೆ ಸೆರೆಯಾಗಿ ತೆಂಕಣಕ್ಕೆ ಸಾಗಿಸಲ್ಪಟ್ಟರು. ಇದರಿಂದ ಹೊತ್ತಿದ ಮರಾಠರ ಯುದ್ಧವು 1787ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಮುಗಿಯಿತು. ಬಾದಾಮಿ, ಕಿತ್ತೂರು, ನರಗುಂದಗಳು ಮರಾಠರಿಗೆ ಬಂದವು. ಪುಣೆ, ಹೈದರಾಬಾದು, ಶ್ರೀರಂಗಪಟ್ಟಣಗಳ ಗಡಿಯನ್ನು ತೀರ್ಮಾನಿಸಿದ ಆ ಒಪ್ಪಂದಕ್ಕೆ ಹೆಸರು ಕೊಟ್ಟದ್ದು ಈ ಸೀಮೆಯ ಊರೇ.

ಇಷ್ಟನ್ನೇ ನೆನೆದರೆ ಮನಸ್ಸು ಕಹಿಯಾಗುವದು ಸಹಜ. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು. 1790ರಿಂದ 1791ರ ವರೆಗೆ ಧಾರವಾಡದ ಕೋಟೆಯನ್ನು ಮುತ್ತಿ ಗೆದ್ದ ಪರಶುರಾಮಭಾವೂ ಪಟವರ್ಧನನ ದಂಡು ಮೈಸೂರ ಸೀಮೆಗೆ ಇಳಿಯಿತು. ಅದರ ಜೊತೆಗಿದ್ದ ಪೆಂಢಾರಿಗಳು ಶೃಂಗೇರಿಯ ಮಠವನ್ನು ಸುಲಿದರು. ಶಾರದೆಯ ಮೂರ್ತಿಯೂ ಉಳಿಯಲಿಲ್ಲ. ಆಗ ಮಠಕ್ಕೆ ಪತ್ರ ಬರೆದು ಮರುಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಕೊಡಿಸಿದವನು ಟಿಪ್ಪು. ಆ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಗೆ ಶೃಂಗೇರಿಯಲ್ಲಿ ದೊರೆತವು. ಶ್ರೀರಂಗನಾಥನ ಗುಡಿಗೂ ಅವನು ಬೆಳ್ಳಿಯ ಪಾತ್ರೆಗಳನ್ನು ಒಪ್ಪಿಸಿರುವನು. ನರಗುಂದದಲ್ಲಿ ಮಾತು ಮುರಿದವನೂ ಅವನೇ, ಶೃಂಗೇರಿಗೆ ಕೈ ನೀಡಿದವನೂ ಅವನೇ. ಧರ್ಮರಕ್ಷಣೆಯ ಹೆಸರಿನ ದಂಡಿನ ಬೆನ್ನಿಗೇ ಮಠ ಸುಲಿದವರೂ ಇದ್ದರು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವದು ಇತಿಹಾಸವಾಗದು, ವಕೀಲಿಕೆಯಾಗುವದು.

ಮಧ್ಯಾಹ್ನ ತಿರುಗಿದ ಮೇಲೆ ಗಂಜಾಮಿನ ಹಾದಿಯಾಗಿ ಗುಂಬಜಕ್ಕೆ ಬರಬೇಕು. 36 ಕರಿಯ ಕಲ್ಲಿನ ಕಂಬಗಳ ನಡುವೆ ಹೈದರ, ಅವನ ಹೆಂಡತಿ ಫಕ್ರುನ್ನಿಸಾ, ಮಗ ಟಿಪ್ಪು ಮೂವರೂ ಒರಗಿರುವರು. ಒಳಗೋಡೆಯ ಮೇಲೆ ಹುಲಿಯ ಪಟ್ಟೆಗಳು. 1799ರ ಮೇ 5ರ ಸಂಜೆ ಶವಸಂಸ್ಕಾರವಾಗುವಾಗ ಗುಡುಗು ಸಿಡಿಲುಗಳಿಂದ ಮಳೆ ಸುರಿಯಿತು. ಒಂದು ದಿನದ ಮಟ್ಟಿಗೆ ತಡವಾಗಿ ಬಂದ ಮಳೆ. ಹತ್ತಿರದಲ್ಲಿಯೇ, ಇದೇ ಊರಿನ ಸೆರೆಯಲ್ಲಿ 1782ರಲ್ಲಿ ಸತ್ತ ಬೇಲಿಯ ನೆನಪಿಗೆ ಅವನ ಬಂಧುವು 1816ರಲ್ಲಿ ಕಟ್ಟಿಸಿದ ಮಂಟಪವಿದೆ. ಸೆರೆಹಿಡಿದವನೂ ಸೆರೆಯಾದವನೂ ನೆರೆಹೊರೆಯವರಾಗಿದ್ದಾರೆ.

ಗೆದ್ದವರಾದರೂ ಈ ದ್ವೀಪದಲ್ಲಿ ಸುಖಪಡಲಿಲ್ಲ. ಉಷ್ಣದೇಶದ ನೀರುನೆಲವು ತನ್ನ ಸುಂಕವನ್ನು ವಸೂಲು ಮಾಡಿತು. ಚಳಿಜ್ವರಕ್ಕೆ ಪಾಳೆಯದವರು ಸಾಲುಸಾಲಾಗಿ ಸತ್ತುದರಿಂದ 1809ರಲ್ಲಿ ದಂಡು ಬೆಂಗಳೂರಿಗೆ ಹೋಗತೊಡಗಿತು. ಅವರ ಗೋರಿಗಳ ತೋಟವು ಇಲ್ಲಿಯೇ ಉಳಿಯಿತು. ರಾಜಧಾನಿ ಮೈಸೂರಿಗೆ, ದಂಡು ಬೆಂಗಳೂರಿಗೆ, ಪಟ್ಟಣವು ಹಳ್ಳಿಯಂತಾಯಿತು. ಆ ಇಳಿಗಾಲದಲ್ಲಿಯೂ ದಿವಾನ ಪೂರ್ಣಯ್ಯನು 1804ರಲ್ಲಿ ಕಲ್ಲುಗಂಬಗಳ ಸೇತುವೆಯನ್ನು ಕಟ್ಟಿಸಿ ವೆಲ್ಲೆಸ್ಲಿಯ ಹೆಸರಿಟ್ಟನು. ಆ ದಿನಗಳಲ್ಲಿಯೇ ಅಬ್ಬೆ ದುಬಾಯನೆಂಬ ಫ್ರೆಂಚ್ ಪಾದ್ರಿಯು ಗಂಜಾಮಿನ ಕ್ರೈಸ್ತರ ನಡುವೆ ದುಡಿದನು. ಈ ನಡುವೆ, 2017ರಲ್ಲಿ, ಜೋಡಿ ರೈಲುದಾರಿಗಾಗಿ ಟಿಪ್ಪುವಿನ ಮದ್ದಿನ ಮನೆಯೊಂದನ್ನು ಕೆಡಹದೆ ಬುಡಸಹಿತ ಎತ್ತಿ ಆಚೆ ಸರಿಸಿ ನಿಲ್ಲಿಸಿದರು. ಕೋಟೆಯನ್ನು ಸೀಳಿದ 1882ರ ಬುದ್ಧಿಗೂ ಇದಕ್ಕೂ ಇರುವ ಅಂತರವು ಸಮಾಧಾನ ಕೊಡತಕ್ಕದ್ದು.

ಸಂಜೆಯ ಹೊತ್ತಿಗೆ ದ್ವೀಪದ ಮೂಡಣ ತುದಿಯಲ್ಲಿ ಎರಡು ಕವಲುಗಳೂ ಕೂಡುವವು. ಅಲ್ಲಿ ಮಿಂದು, ಪಿತೃಗಳಿಗೆ ತರ್ಪಣ ಕೊಡುವವರು ಕೊಡುವರು. ರಂಗನತಿಟ್ಟಿನ ಹಕ್ಕಿಗಳಿಗೂ ಬೃಂದಾವನದ ದೀಪಗಳಿಗೂ ಇನ್ನೊಂದು ದಿನವನ್ನು ಮೀಸಲಿಡುವದು ಲೇಸು. ಎಲ್ಲವನ್ನೂ ಒಂದೇ ಹಗಲಿಗೆ ತುರುಕಿದರೆ ಏನೂ ಉಳಿಯದು.

ನರಗುಂದದ ಕಥೆ ಮಾತ್ರ ಇಲ್ಲಿಗೆ ಮುಗಿಯುವದಿಲ್ಲ. ದ್ವೀಪದ ಕೋಟೆಯನ್ನೊಡೆದವರೇ ಐವತ್ತೊಂಬತ್ತು ವರ್ಷಗಳ ಬಳಿಕ, 1858ರಲ್ಲಿ, ನರಗುಂದವನ್ನು ಮುರಿದು ಭಾಸ್ಕರರಾವ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಸುಲ್ತಾನನ ಮುತ್ತಿಗೆಯನ್ನು ಕಂಡ ಗುಡ್ಡವು ಅವನನ್ನು ಗೆದ್ದವರ ಮುತ್ತಿಗೆಯನ್ನೂ ಕಂಡಿತು. ತಮ್ಮೂರ ಹತ್ತಿರದ ಈ ಗುಡ್ಡವನ್ನು ಮೊದಲು ಏರಿ, ಆಮೇಲೆ ತೆಂಕಣದ ರೈಲು ಹತ್ತುವ ಮನೆತನದವರಿಗೆ ಶ್ರೀರಂಗಪಟ್ಟಣವು ಪರರ ಊರಾಗಿ ತೋರದು. ಮಕ್ಕಳು ‘ಟಿಪ್ಪು ಒಳ್ಳೆಯವನೋ ಕೆಟ್ಟವನೋ’ ಎಂದು ಕೇಳುವರು. ತಂದೆತಾಯಿಗಳು ಅವಸರದ ಉತ್ತರ ಕೊಡದೆ, ನರಗುಂದ, ಗಜೇಂದ್ರಗಡ, ಶೃಂಗೇರಿಗಳ ಹೆಸರನ್ನು ವರ್ಷಸಹಿತ ಹೇಳಿ ಸುಮ್ಮನಿದ್ದರೆ ಸಾಕು. ಎರಡೂ ಮಗ್ಗಲಿನ ನೀರನ್ನು ಕಂಡವರಿಗೇ ಅದು ದ್ವೀಪವೆಂದು ತಿಳಿಯುವದು.