ಅರ್ಧಾಯು ಮತ್ತು ದೂರ: ಮಕ್ಕಳ ಅರ್ಬುದರೋಗದ ಗಾಮಾ ಚಿತ್ರಣವನ್ನು ಕುರಿತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹೆಸರು ಇತಿಹಾಸದ ಪತ್ರಿಕೆಗಳಲ್ಲಿ ಬರುವುದು ಸಾಮಾನ್ಯವಾಗಿ ಶಾಸನಗಳ ಸಂದರ್ಭದಲ್ಲಿ, ಇಲ್ಲವೆ ಬಸವಣ್ಣನವರ ಜನ್ಮಸ್ಥಳದ ಪ್ರಸ್ತಾಪದಲ್ಲಿ. ಗಾಮಾ ಕ್ಯಾಮೆರಾ ಎಂಬ ವೈದ್ಯಕೀಯ ಯಂತ್ರಕ್ಕೂ ಈ ತಾಲೂಕುಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿರುವುದು ದೂರದ ಮೂಲಕ. ಈ ಯಂತ್ರದ ಇತಿಹಾಸವನ್ನು ಅದರ ಸ್ಫಟಿಕ, ನಳಿಕೆಗಳಿಗಿಂತ ಹೆಚ್ಚಾಗಿ ದಾರಿ ಮತ್ತು ಗಡಿಯಾರಗಳ ಇತಿಹಾಸವೆಂದೇ ಓದಬೇಕೆಂಬುದು ನಮ್ಮ ಅಭಿಪ್ರಾಯ.

ಕ್ಷ-ಕಿರಣದ ಯಂತ್ರವು ಹೊರಗಿನಿಂದ ಕಿರಣವನ್ನು ಹಾಯಿಸುತ್ತದೆ. ಗಾಮಾ ಕ್ಯಾಮೆರಾ ಹಾಗಲ್ಲ. ರೋಗಿಯ ರಕ್ತನಾಳಕ್ಕೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಔಷಧವನ್ನು ಸೇರಿಸುತ್ತಾರೆ. ಅದು ದೇಹದಲ್ಲಿ ಎಲ್ಲೆಲ್ಲಿ ನೆಲೆಸಿತೆಂಬುದನ್ನು ಕ್ಯಾಮೆರಾ ಹೊರಗಿನಿಂದ ನೋಡುತ್ತದೆ. 1950ರ ಸುಮಾರಿಗೆ ಬೆನೆಡಿಕ್ಟ್ ಕ್ಯಾಸೆನ್ ರಚಿಸಿದ ಯಂತ್ರವು ನೇಗಿಲು ಹೊಲವನ್ನು ಸಾಲುಸಾಲಾಗಿ ಉಳುವಂತೆ ದೇಹದ ಮೇಲೆ ನಿಧಾನವಾಗಿ ಸಾಗುತ್ತಿತ್ತು. ಅಷ್ಟು ಹೊತ್ತು ಅಲುಗದೆ ಮಲಗುವ ಮಗುವನ್ನು ಎಲ್ಲಿಂದ ತರುವುದು! 1957ರಲ್ಲಿ ಬರ್ಕ್ಲಿಯ ಹಾಲ್ ಆಂಗರ್ ನಾಲ್ಕು ಅಂಗುಲ ವ್ಯಾಸದ ಒಂದೇ ಸ್ಫಟಿಕದ ಹಿಂದೆ ಏಳು ನಳಿಕೆಗಳನ್ನು ಜೋಡಿಸಿ, ತನ್ನ ನೋಟದ ಭಾಗವನ್ನೆಲ್ಲ ಏಕಕಾಲಕ್ಕೆ ಕಾಣಬಲ್ಲ ಕ್ಯಾಮೆರಾವನ್ನು ನಿರ್ಮಿಸಿದನು. ಮುಂದಿನ ದಶಕಗಳಲ್ಲಿ ಇದಕ್ಕೆ ಗಣಕಯಂತ್ರವು ಸೇರಿತು. ಸ್ಫಟಿಕದಲ್ಲಿ ಮಿನುಗಿದ ಪ್ರತಿಯೊಂದು ಕಿಡಿಯೂ ಅಂಕಿಯಾಗಿ ದಾಖಲಾಗತೊಡಗಿತು; ಯಂತ್ರದ ದೋಷಗಳನ್ನು ಲೆಕ್ಕದಿಂದ ತಿದ್ದುವುದೂ, ದೇಹದ ಸುತ್ತ ಕ್ಯಾಮೆರಾವನ್ನು ತಿರುಗಿಸಿ ಪದರಪದರವಾಗಿ ಚಿತ್ರ ಪಡೆಯುವುದೂ ಸಾಧ್ಯವಾಯಿತು.

ಆದರೆ ಕ್ಯಾಮೆರಾ ಅರ್ಧ ಕಥೆ ಮಾತ್ರ, ಉಳಿದರ್ಧ ಔಷಧದ್ದು. ಎಲುಬಿನ ಚಿತ್ರಣಕ್ಕೆ ಬಳಸುವ ಟೆಕ್ನೀಷಿಯಂ-99ಎಂ ಎಂಬುದರ ಅರ್ಧಾಯು 6 ಗಂಟೆ. ಎಂದರೆ, ಬೆಳಗ್ಗೆ ಸಿದ್ಧಪಡಿಸಿದ ಔಷಧದಲ್ಲಿ ಮರುದಿನ ಬೆಳಗ್ಗೆ ಉಳಿಯುವುದು ಹದಿನಾರನೆಯ ಒಂದು ಪಾಲು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು 1950ರ ದಶಕದ ಕೊನೆಯಲ್ಲಿ ಇದಕ್ಕೊಂದು ಉಪಾಯ ಕಂಡರು. 66 ಗಂಟೆಗಳ ಅರ್ಧಾಯುವುಳ್ಳ ಮಾಲಿಬ್ಡಿನಂ-99ನ್ನು ಒಂದು ಪಾತ್ರೆಯಲ್ಲಿ ಕಳಿಸಿದರೆ, ಅದರಿಂದ ಹುಟ್ಟುವ ಟೆಕ್ನೀಷಿಯಮನ್ನು ಆಸ್ಪತ್ರೆಯಲ್ಲಿಯೇ ದಿನವೂ ತೆಗೆದುಕೊಳ್ಳಬಹುದು. ತಜ್ಞರು ಈ ಪಾತ್ರೆಗೆ 'ಹಸು' ಎಂದೇ ಅಡ್ಡಹೆಸರಿಟ್ಟರು. ಹಾಲನ್ನು ದೂರಕ್ಕೆ ಸಾಗಿಸುವ ಬದಲು ಹಸುವನ್ನೇ ಹೊಡೆದುಕೊಂಡು ಹೋಗುವ ಜಾಣತನವಿದು.

ಮಕ್ಕಳ ವಿಷಯದಲ್ಲಿ ಈ ಉಪಾಯವು ಸಾಲದು. ನ್ಯೂರೊಬ್ಲಾಸ್ಟೊಮಾ ಎಂಬ ಅರ್ಬುದವು ನರಮಂಡಲದ ಒಂದು ಭಾಗದಿಂದ, ಬಹುಮಟ್ಟಿಗೆ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಹುಟ್ಟುತ್ತದೆ. ಇದಕ್ಕೆ ತುತ್ತಾಗುವವರಲ್ಲಿ ಐದು ವರ್ಷದೊಳಗಿನ ಮಕ್ಕಳೇ ಅಧಿಕ. ರೋಗವು ಎಲುಬು, ಮಜ್ಜೆಗಳಿಗೆ ಹರಡಿದೆಯೇ ಎಂಬುದರ ಮೇಲೆ ಚಿಕಿತ್ಸೆಯ ಸ್ವರೂಪವೂ ಬದುಕುವ ಆಸೆಯೂ ನಿಂತಿವೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1980ರ ದಶಕದಲ್ಲಿ ಬಳಕೆಗೆ ಬಂದ ಎಂ.ಐ.ಬಿ.ಜಿ. ಎಂಬ ಔಷಧವು ಈ ಅರ್ಬುದದ ಕೋಶಗಳನ್ನೇ ಅರಸಿ ಸೇರುತ್ತದೆ. ಅದಕ್ಕೆ ಅಯೋಡಿನ್-123ನ್ನು ಬೆಸೆದರೆ ಚಿತ್ರವು ಸ್ಪಷ್ಟ, ಮಗುವಿಗೆ ತಗಲುವ ವಿಕಿರಣವೂ ಕಡಿಮೆ. ಆದರೆ ಅದಕ್ಕೆ ಸೈಕ್ಲೋಟ್ರಾನ್ ಬೇಕು, ಅರ್ಧಾಯು 13 ಗಂಟೆ ಮಾತ್ರ. ಅಯೋಡಿನ್-131 ಅಣುಸ್ಥಾವರದಲ್ಲಿ ತಯಾರಾಗುತ್ತದೆ, ಅರ್ಧಾಯು 8 ದಿನ. ದೂರದ ಪ್ರಯಾಣವನ್ನು ತಾಳಿಕೊಳ್ಳುತ್ತದೆ. ನಮ್ಮ ದೇಶವು ಈ ಎರಡನೆಯದನ್ನೇ ಹೆಚ್ಚಾಗಿ ನೆಚ್ಚಿ ಬಂದಿತು. ಚಿತ್ರದ ಮಸುಕು ದೂರಕ್ಕೆ ತೆತ್ತ ಸುಂಕವೆಂದು ನಾವು ಭಾವಿಸುತ್ತೇವೆ.

ಇನ್ನು ನಮ್ಮ ತಾಲೂಕುಗಳ ಮಾತು. 1956ರ ನವೆಂಬರ್ 1ರವರೆಗೆ ಬಿಜಾಪುರ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಮುಂಬಯಿಯಲ್ಲಿ ತೆರೆಯಿತು. ಟ್ರಾಂಬೆಯಲ್ಲಿ ಅಪ್ಸರಾ ಸ್ಥಾವರವು 1956ರಲ್ಲಿ ಚಾಲನೆಗೊಂಡಿತು. ಪರೇಲಿನ ವಿಕಿರಣ ವೈದ್ಯಕೀಯ ಕೇಂದ್ರವು 1963ರಲ್ಲಿ ಆರಂಭವಾಯಿತು. ಹೀಗೆ ಔಷಧ, ಕ್ಯಾಮೆರಾ, ವೈದ್ಯರು ಮೂವರೂ ಒಂದೆಡೆ ಕೂಡುವ ಹೊತ್ತಿಗೆ ಜಿಲ್ಲೆಯ ಆಡಳಿತವು ಇನ್ನೊಂದು ರಾಜಧಾನಿಯ ಕಡೆಗೆ ಮುಖ ತಿರುಗಿಸಿದ್ದಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಸ್ಥಾಪಿತವಾದದ್ದು 1973ರಲ್ಲಿ. ವಿಜಯಪುರದಿಂದ ಅದು ಐನೂರು ಕಿಲೋಮೀಟರಿಗೂ ಮಿಗಿಲಾದ ದಾರಿ.

ಹೋಟಗಿ–ಗದಗ ರೈಲುಮಾರ್ಗವು 1880ರ ದಶಕದಲ್ಲಿಯೇ ಈ ಪ್ರದೇಶವನ್ನು ಹಾಯ್ದಿತು. ಆದರೆ ನಿಲ್ದಾಣಗಳ ಹೆಸರುಗಳನ್ನು ಗಮನಿಸಿರಿ: 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್'. ಊರು ಇನ್ನೂ ದೂರವಿದೆ ಎಂಬುದನ್ನು 'ರೋಡ್' ಎಂಬ ಪದವೇ ಸಾರುತ್ತದೆ. ಸಿಂದಗಿ, ಮುದ್ದೇಬಿಹಾಳಗಳಿಗೆ ಅಷ್ಟೂ ದೊರೆಯಲಿಲ್ಲ.

ಎಂ.ಐ.ಬಿ.ಜಿ. ಚಿತ್ರಣವು ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ರಕ್ಷಿಸಲು ಮೊದಲೇ ಅಯೋಡಿನ್ ಹನಿಗಳನ್ನು ಕುಡಿಸಬೇಕು. ಔಷಧ ಚುಚ್ಚಿದ ಮರುದಿನ ಚಿತ್ರ ತೆಗೆಯಬೇಕು, ಅಯೋಡಿನ್-131 ಆದರೆ ಅದರ ಮರುದಿನವೂ ತೆಗೆಯಬೇಕಾಗುವುದುಂಟು. ಚಿಕಿತ್ಸೆಯ ಫಲವನ್ನು ಅರಿಯಲು ಕೆಲವು ತಿಂಗಳ ಮೇಲೆ ಇದೆಲ್ಲ ಪುನಃ ನಡೆಯಬೇಕು. ಅಂಕಿಗಳಾಗಿ ಮಾರ್ಪಟ್ಟ ಚಿತ್ರವು ಇಂದು ಕ್ಷಣಮಾತ್ರದಲ್ಲಿ ಒಂದು ನಗರದಿಂದ ಇನ್ನೊಂದಕ್ಕೆ ಹೋಗುತ್ತದೆ. ಮಗುವು ಮಾತ್ರ ಬಸ್ಸಿನಲ್ಲಿಯೇ ಹೋಗಬೇಕು. ಜೊತೆಗೆ ತಾಯಿಯೋ ತಂದೆಯೋ, ಹಿಂಗಾರಿ ಜೋಳದ ರಾಶಿಯ ದಿನಗಳಾದರೂ ಸರಿ, ನಾಲ್ಕಾರು ದಿನದ ಕೂಲಿಯನ್ನು ಬಿಟ್ಟು ಹೊರಡಬೇಕು.