ನಾಯಿಗಳಲ್ಲಿ ಕಾಲಿನ ಮೂಳೆ ಮುರಿತ: ಶಸ್ತ್ರಚಿಕಿತ್ಸೆ ಮತ್ತು ಆರೈಕೆ

ಮನೆ, ಹೊಲ ಹಾಗೂ ಕುರಿಹಟ್ಟಿ ಕಾಯುವ ನಾಯಿಗಳ ಕಾಲಿನ ಮೂಳೆ ಮುರಿಯಲು ವಾಹನ ಅಪಘಾತ ಮತ್ತು ಎತ್ತರದಿಂದ ಬೀಳುವುದು ಪ್ರಮುಖ ಕಾರಣಗಳು. ಮುರಿದ ಮೂಳೆಯನ್ನು ಕೂಡಿಸಬಹುದು. ಆದರೆ ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದರೆ ರಕ್ತಸಂಚಾರ ನಿಂತು ಕಾಲು ಕೊಳೆಯಬಹುದು. ಆಗ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಆದ್ದರಿಂದ ಮೊದಲ ದಿನ ನೀವು ಕೈಗೊಳ್ಳುವ ಕ್ರಮ ಬಹಳ ಮುಖ್ಯ.

ಲಕ್ಷಣಗಳು
ನಾಯಿಯು ಕಾಲೂರದಿರುವುದು, ಬಾವು, ತೀವ್ರ ನೋವು, ಕಾಲು ಸೊಟ್ಟಗಾಗಿ ಜೋತಾಡುವುದು.

ಪ್ರಥಮ ಚಿಕಿತ್ಸೆ
1. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚಬಹುದು. ಮೆತ್ತನೆಯ ಬಟ್ಟೆಯಿಂದ ಮೂತಿಯನ್ನು ಕಟ್ಟಬೇಕು. ವಾಂತಿ ಅಥವಾ ಉಸಿರಾಟದ ತೊಂದರೆಯಿದ್ದರೆ ಕಟ್ಟಬಾರದು.
2. ಮೂಳೆಯನ್ನು ಎಳೆದು ಕೂಡಿಸಲು ಯತ್ನಿಸಬಾರದು. ನಾಯಿಯನ್ನು ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು.
3. ಮೂಳೆ ಹೊರಬಂದಿದ್ದರೆ ಸ್ವಚ್ಛವಾದ ಒಣಬಟ್ಟೆ ಮುಚ್ಚಬೇಕು. ಸುಣ್ಣ, ಸೀಮೆಎಣ್ಣೆ ಇತ್ಯಾದಿ ಹಚ್ಚಬಾರದು.
4. ಮನುಷ್ಯರ ನೋವಿನ ಮಾತ್ರೆಗಳಾದ ಪ್ಯಾರಸಿಟಮಾಲ್, ಐಬುಪ್ರೊಫೆನ್ ನಾಯಿಗಳಿಗೆ ವಿಷಕಾರಿ, ಕೊಡಲೇಬಾರದು.
5. ಅರಿವಳಿಕೆ ಬೇಕಾಗಬಹುದಾದ್ದರಿಂದ ಆಹಾರ ನೀಡದೆ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಬೇಕು. ಪಶು ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು.

ಶಸ್ತ್ರಚಿಕಿತ್ಸೆ ಯಾವಾಗ ಅಗತ್ಯ?
ಪ್ಲಾಸ್ಟರ್ ಫಲಿಸಬೇಕಾದರೆ ಮುರಿತದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡೂ ಅಲುಗಾಡಬಾರದು. ಮೊಣಕೈ ಮತ್ತು ಮೊಣಕಾಲಿನಿಂದ ಕೆಳಗೆ ಮೂಳೆ ಹೆಚ್ಚು ಸರಿಯದಿದ್ದರೆ, ಅದರಲ್ಲೂ ಮರಿಗಳಲ್ಲಿ, ಪ್ಲಾಸ್ಟರ್ ಸಾಕಾಗಬಹುದು. ತೊಡೆಮೂಳೆ ಮುರಿದಾಗ ಸೊಂಟದ ಕೀಲನ್ನು ಪ್ಲಾಸ್ಟರಿನಲ್ಲಿ ಹಿಡಿದಿಡಲಾಗದು. ಇಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಮಾರ್ಗ. ಚೂರಾದ ಮೂಳೆ, ಕೀಲಿನೊಳಗಿನ ಮುರಿತ ಮತ್ತು ಚರ್ಮ ಸೀಳಿದ ಮುರಿತಗಳಿಗೂ ಇದು ಅನ್ವಯಿಸುತ್ತದೆ.

ಅಪಘಾತದಲ್ಲಿ ಶ್ವಾಸಕೋಶ ಅಥವಾ ಮೂತ್ರಕೋಶಕ್ಕೂ ಪೆಟ್ಟಾಗಿರಬಹುದು. ವೈದ್ಯರು ಮೊದಲು ಅವನ್ನು ಸರಿಪಡಿಸಿ, ಮೂಳೆಯ ಶಸ್ತ್ರಚಿಕಿತ್ಸೆಯನ್ನು ಕೆಲ ದಿನ ಮುಂದೂಡಿದರೆ ಅದು ನಿರ್ಲಕ್ಷ್ಯವಲ್ಲ.

ವಿಧಾನಗಳು
• ಮಜ್ಜೆಯೊಳಗಿನ ಸರಳು: ಮೂಳೆ ಬಾಗುವುದನ್ನು ತಡೆಯುತ್ತದೆ, ತಿರುಚುವುದನ್ನು ತಡೆಯದು. ಆದ್ದರಿಂದ ಅಗತ್ಯವಿದ್ದಲ್ಲಿ ತಂತಿ ಅಥವಾ ಇತರ ಆಧಾರವನ್ನು ಜೊತೆಗೆ ಬಳಸುತ್ತಾರೆ.
• ಲೋಹದ ಪಟ್ಟಿ ಮತ್ತು ತಿರುಪು: ದೃಢವಾಗಿ ಹಿಡಿಯುವುದರಿಂದ ನಾಯಿ ಬೇಗ ಕಾಲೂರುತ್ತದೆ, ವೆಚ್ಚ ಹೆಚ್ಚು.
• ಹೊರ ಆಧಾರ ಚೌಕಟ್ಟು: ತೆರೆದ ಗಾಯವಿರುವ ಮುರಿತಗಳಿಗೆ ಸೂಕ್ತ. ಸರಳುಗಳು ಚರ್ಮ ಹೊಕ್ಕ ಜಾಗವನ್ನು ಪ್ರತಿದಿನ ಶುಚಿಗೊಳಿಸಬೇಕು.

ಶಸ್ತ್ರಚಿಕಿತ್ಸೆಯ ನಂತರ
1. ನಾಯಿಯನ್ನು ಚಿಕ್ಕ ಜಾಗದಲ್ಲಿ, ಜಾರದ ನೆಲದ ಮೇಲಿರಿಸಬೇಕು. ಮಲಮೂತ್ರಕ್ಕೆ ಮಾತ್ರ ಸರಪಳಿ ಹಿಡಿದು ಹೊರತರಬೇಕು.
2. ಹೊಲಿಗೆಯನ್ನು ನೆಕ್ಕದಂತೆ ಕುತ್ತಿಗೆಗೆ ರಕ್ಷಾಪಟ್ಟಿ ಹಾಕಬೇಕು. 10–14 ದಿನಗಳಲ್ಲಿ ಹೊಲಿಗೆ ಬಿಚ್ಚಿಸಬೇಕು.
3. ಬೆರಳುಗಳು ಊದಿದರೆ, ತಣ್ಣಗಾದರೆ, ದುರ್ವಾಸನೆ ಬಂದರೆ ಅಥವಾ ಊರುತ್ತಿದ್ದ ಕಾಲನ್ನು ಮತ್ತೆ ಎತ್ತಿದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಮರಿಗಳಲ್ಲಿ ಮೂಳೆ ಕೆಲವೇ ವಾರಗಳಲ್ಲಿ ಕೂಡುತ್ತದೆ. ಬೆಳೆದ ನಾಯಿಗಳಲ್ಲಿ ಸಾಮಾನ್ಯವಾಗಿ 8–12 ವಾರ ಬೇಕು. ನೋವು ಇಳಿದೊಡನೆ ನಾಯಿ ಓಡಲು ಹವಣಿಸುತ್ತದೆ, ಮುಧೋಳದಂತಹ ಓಟದ ತಳಿಗಳಂತೂ ಇನ್ನೂ ಹೆಚ್ಚು. ಆದರೆ ನೋವಿಲ್ಲವೆಂದರೆ ಮೂಳೆ ಕೂಡಿದೆ ಎಂದಲ್ಲ. ಕ್ಷ-ಕಿರಣ ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ನಾಯಿಯನ್ನು ಓಡಲು ಬಿಡಬಾರದು.